ಪಾಳಿ ಯಾರದು? ಅರೋನಿಯನ್–ಆನಂದ್ ಆಟ ಮತ್ತು ಅದರ ಓಪನಿಂಗ್

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇರುವವರಿಗೆ ಪಾಳಿ ಎಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಅಣೆಕಟ್ಟಿನಲ್ಲಿ ಎಷ್ಟು ಟಿಎಂಸಿ ಇದೆ ಎನ್ನುವುದಕ್ಕಿಂತ ನಮ್ಮ ತೂಬಿಗೆ ನೀರು ಯಾವ ದಿನ ಬರುತ್ತದೆ ಎನ್ನುವುದು ಅಲ್ಲಿ ಬೆಳೆ ಉಳಿಸುತ್ತದೆ. ಚೆಸ್‌ನಲ್ಲಿ ಟೆಂಪೊ ಅನ್ನುವುದೂ ಇದೇ ಲೆಕ್ಕ. ಮಣೆಯ ಮೇಲೆ ಯಾರ ಹತ್ತಿರ ಎಷ್ಟು ಕಾಯಿ ಇವೆ ಎನ್ನುವುದು ಅಣೆಕಟ್ಟಿನ ಮಟ್ಟ. ಈಗ ನಡೆ ಯಾರದು, ಆ ನಡೆಯನ್ನು ತನ್ನಿಷ್ಟದಂತೆ ಬಳಸಬಹುದೇ ಅಥವಾ ಎದುರಾಳಿಯ ಬೆದರಿಕೆಗೆ ಉತ್ತರ ಕೊಡುವುದರಲ್ಲೇ ಕಳೆಯಬೇಕೇ ಎನ್ನುವುದು ತೂಬಿನ ನೀರು.

ಇದನ್ನು ತೋರಿಸಲು ಒಂದು ಆಟ ಸಾಕು. 2013ರ ಜನವರಿ 15, ನೆದರ್ಲೆಂಡ್ಸ್‌ನ ವೈಕ್ ಆನ್ ಝೀ, ಟಾಟಾ ಸ್ಟೀಲ್ ಟೂರ್ನಿಯ ನಾಲ್ಕನೇ ಸುತ್ತು. ಬಿಳಿ ಕಾಯಿ ಅರ್ಮೇನಿಯಾದ ಲೆವೊನ್ ಅರೋನಿಯನ್ ಅವರದು, ಕಪ್ಪು ಕಾಯಿ ಆಗಿನ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್ ಅವರದು. 23 ನಡೆಗಳಲ್ಲಿ ಬಿಳಿ ಸೋಲೊಪ್ಪಿತು. ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳ ಕ್ರಮ, ಸೆಮಿ-ಸ್ಲಾವ್, ಅದರೊಳಗೆ ಮೆರಾನ್ ಕವಲು.

ಮಣೆ ಹಾಸಿಕೊಂಡು ಓದಿದರೆ ಮಾತ್ರ ಮುಂದಿನದು ಪ್ರಯೋಜನಕ್ಕೆ ಬರುತ್ತದೆ. ಬಿಳಿಯ ಕಡೆಯಿಂದ ನೋಡಿದಾಗ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಕೆಳಗಿನಿಂದ ಮೇಲಕ್ಕೆ 1ರಿಂದ 8. ಕಾಯಿಯ ಹೆಸರಿಲ್ಲದೆ ಬರೀ ಮನೆ ಬರೆದಿದ್ದರೆ ಅದು ಕಾಲಾಳಿನ ನಡೆ. ಹಿರಿಯರು ಮಂತ್ರಿ ಎನ್ನುವ ಕಾಯಿಯನ್ನು ಇಲ್ಲಿ ರಾಣಿ ಎಂದೇ ಬರೆದಿದೆ. × ಗುರುತು ಇದ್ದಲ್ಲಿ ಹೊಡೆತ. ಸಂಖ್ಯೆಯ ಮುಂದೆ ಮೂರು ಚುಕ್ಕೆ ಇದ್ದರೆ ಅದು ಕಪ್ಪಿನ ನಡೆ. ರಾಜ, ಆನೆ ಒಂದೇ ನಡೆಯಲ್ಲಿ ಸರಿಯುವುದು ಕ್ಯಾಸ್ಲಿಂಗ್. ರಾಜನ ಮೇಲೆ ಬಿದ್ದ ದಾಳಿ ಚೆಕ್, ತಪ್ಪಿಸಿಕೊಳ್ಳಲಾಗದ ಚೆಕ್ ಮೇಟ್.

1. ಡಿ4 ಡಿ5 2. ಸಿ4 ಸಿ6 3. ಕುದುರೆ ಎಫ್3 ಕುದುರೆ ಎಫ್6 4. ಕುದುರೆ ಸಿ3 ಇ6 5. ಇ3 ಕುದುರೆ ಬಿ8-ಡಿ7 6. ಒಂಟೆ ಡಿ3 ಡಿ×ಸಿ4 7. ಒಂಟೆ×ಸಿ4 ಬಿ5 8. ಒಂಟೆ ಡಿ3 ಒಂಟೆ ಡಿ6 9. ಕ್ಯಾಸ್ಲಿಂಗ್ ಕ್ಯಾಸ್ಲಿಂಗ್ 10. ರಾಣಿ ಸಿ2 ಒಂಟೆ ಬಿ7 11. ಎ3 ಆನೆ ಸಿ8 12. ಕುದುರೆ ಜಿ5 ಸಿ5 13. ಕುದುರೆ×ಎಚ್7 ಕುದುರೆ ಜಿ4 14. ಎಫ್4 ಸಿ×ಡಿ4 15. ಇ×ಡಿ4 ಒಂಟೆ ಸಿ5 16. ಒಂಟೆ ಇ2 ಕುದುರೆ ಡಿ7-ಇ5 17. ಒಂಟೆ×ಜಿ4 ಒಂಟೆ×ಡಿ4 ಚೆಕ್ 18. ರಾಜ ಎಚ್1 ಕುದುರೆ×ಜಿ4 19. ಕುದುರೆ×ಎಫ್8 ಎಫ್5 20. ಕುದುರೆ ಜಿ6 ರಾಣಿ ಎಫ್6 21. ಎಚ್3 ರಾಣಿ×ಜಿ6 22. ರಾಣಿ ಇ2 ರಾಣಿ ಎಚ್5 23. ರಾಣಿ ಡಿ3 ಒಂಟೆ ಇ3. ಬಿಳಿ ಸೋಲು.

ಸಿ4ರ ಕಾಲಾಳು: ಯಾವಾಗ ಹೊಡೆಯಬೇಕು

ಬಿಳಿ ಎರಡನೇ ನಡೆಯಲ್ಲಿ ಸಿ4ರ ಕಾಲಾಳನ್ನು ಕಪ್ಪಿನ ಬಾಯಿಗೆ ಇಟ್ಟಿದೆ. ಕಪ್ಪು ಅದನ್ನು ತಿಂದರೆ ಏನಾಗುತ್ತದೆ? ಜಿಲ್ಲಾ ಮಟ್ಟದ ಟೂರ್ನಿಗಳಲ್ಲಿ, ಬಳ್ಳಾರಿಯಾಗಲಿ ಕೊಪ್ಪಳವಾಗಲಿ, ಹೊಸಬರು ತಿನ್ನುವುದಷ್ಟೇ ಅಲ್ಲ, ತಿಂದದ್ದನ್ನು ಉಳಿಸಿಕೊಳ್ಳಲೂ ಹೋಗುತ್ತಾರೆ. ಆಗ ಆಗುವುದು ಹೀಗೆ: 2... ಡಿ×ಸಿ4 3. ಇ3 ಬಿ5 4. ಎ4 ಸಿ6 5. ಎ×ಬಿ5 ಸಿ×ಬಿ5 6. ರಾಣಿ ಎಫ್3. ಎಫ್3ರಿಂದ ಎ8ರವರೆಗಿನ ಓರೆ ಸಾಲಿನಲ್ಲಿ ಈಗ ಒಂದೂ ಅಡ್ಡಿಯಿಲ್ಲ. ಮೂಲೆಯ ಆನೆ ಸಿಕ್ಕಿಬಿದ್ದಿದೆ. ಕುದುರೆಯನ್ನು ಸಿ6ಕ್ಕೆ ಅಡ್ಡ ಇಟ್ಟರೆ ರಾಣಿ ಅದನ್ನೇ ಹೊಡೆದು ಚೆಕ್ ಕೊಡುತ್ತದೆ. ಒಂದು ಕಾಲಾಳಿನ ಆಸೆಗೆ ಒಂದು ಕುದುರೆ ಹೋಯಿತು. ನಾಲ್ಕನೇ ನಡೆಯಲ್ಲಿ ಸಿ6 ಬದಲು ಎ6 ಆಡಿ ತಪ್ಪಿಸಿಕೊಳ್ಳಲು ನೋಡಿದರೂ ಆಗದು. ಎ×ಬಿ5 ಆದ ಮೇಲೆ ಎ6ರ ಕಾಲಾಳು ಮರಳಿ ಹೊಡೆದರೆ ಎ ಸಾಲು ಪೂರ್ತಿ ತೆರೆದು ಬಿಳಿ ಆನೆ ಎ8ರ ಆನೆಯನ್ನು ಪುಕ್ಕಟೆ ತಿನ್ನುತ್ತದೆ.

ಹಾಗಾಗಿ ಸೆಮಿ-ಸ್ಲಾವ್‌ನಲ್ಲಿ ಕಪ್ಪು ಮೊದಲು ಸಿ6, ಇ6 ಎರಡನ್ನೂ ಇಟ್ಟು ಡಿ5ಕ್ಕೆ ಎರಡು ಊರುಗೋಲು ಕೊಡುತ್ತದೆ. ಇದಕ್ಕೆ ತೆರುವ ಬೆಲೆ ಸಿ8ರ ಒಂಟೆ: ಇ6ರ ಕಾಲಾಳು ಅದರ ಬಾಗಿಲಿಗೆ ಅಗಳಿ ಹಾಕಿದೆ. ಬಿಳಿಯೂ ಇ3 ಆಡಿ ಸಿ1ರ ತನ್ನ ಒಂಟೆಗೆ ಅಗಳಿ ಹಾಕಿಕೊಂಡಿದೆ. ಈ ಎರಡು ಒಂಟೆಗಳಲ್ಲಿ ಯಾವುದು ಮೊದಲು ಹೊರಗೆ ಬರುತ್ತದೆ ಎಂದು ನೋಡುತ್ತಿರಿ.

(ಕಟ್ಟೆಯ ಮೇಲೆ ಅಜ್ಜಂದಿರು ಆಡುವ ಹಳೆಯ ದೇಸಿ ಆಟದಲ್ಲಿ ಹೆಚ್ಚಿನ ಕಡೆ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಆ ಲೆಕ್ಕದಲ್ಲಿ ಡಿ4, ಸಿ4 ಎಂಬ ಜಿಗಿತಗಳೇ ಇಲ್ಲ, ಈ ಓಪನಿಂಗ್ ಹುಟ್ಟುವುದೂ ಇಲ್ಲ. ಆ ಆಟ ಕಲಿತು ಟೂರ್ನಿಗೆ ಬರುವ ಮಕ್ಕಳಿಗೆ ಮೊದಲು ಈ ವ್ಯತ್ಯಾಸ ಹೇಳಿಕೊಡಿ, ಕ್ಯಾಸ್ಲಿಂಗ್ ಆಮೇಲೆ.)

ಈಗ ಐದನೇ ನಡೆಗೆ ಬನ್ನಿ. ಬಿಳಿಯ ಒಂಟೆ ಇನ್ನೂ ಎಫ್1ರಲ್ಲಿದೆ. ಕಪ್ಪು ಈಗಲೇ ಸಿ4 ಹೊಡೆದರೆ ಆ ಒಂಟೆ ಒಂದೇ ನಡೆಯಲ್ಲಿ ಸಿ4ಕ್ಕೆ ಬಂದು ಕೂರುತ್ತದೆ. ಒಂಟೆ ಮೊದಲು ಡಿ3ಕ್ಕೆ ಬಂದು, ಆಮೇಲೆ ಕಪ್ಪು ಹೊಡೆದರೆ, ಅದೇ ಸಿ4ಕ್ಕೆ ಬರಲು ಬಿಳಿಗೆ ಎರಡು ನಡೆ ಬೇಕು. ಆದ್ದರಿಂದ ಇಬ್ಬರೂ ಕಾಯುತ್ತಾರೆ. ಕಪ್ಪು ಹೊಡೆಯದೆ ಬೇರೊಂದು ಉಪಯೋಗದ ನಡೆ ಆಡುತ್ತದೆ. ಬಿಳಿ ಒಂಟೆ ಎತ್ತದೆ ಬೇರೊಂದು ನಡೆ ಆಡಲು ನೋಡುತ್ತದೆ. 5... ಕುದುರೆ ಡಿ7 ಅಂಥ ಕಾಯುವ ನಡೆ. ಮುಂದೆ ಸಿ5 ತಳ್ಳಲು ಆ ಕುದುರೆ ಬೇಕೇ ಬೇಕು, ಆದ್ದರಿಂದ ಪಾಳಿ ವ್ಯರ್ಥವಾಗಲಿಲ್ಲ. ಬಿಳಿಯೂ ಆರನೇ ನಡೆಯಲ್ಲಿ ರಾಣಿ ಸಿ2 ಆಡಿ ಕಾಯಬಹುದಿತ್ತು. ಅದಕ್ಕೆ ಆಂಟಿ-ಮೆರಾನ್ ಎನ್ನುತ್ತಾರೆ. ಅರೋನಿಯನ್ ಕಾಯಲಿಲ್ಲ, ಒಂಟೆಯನ್ನು ಡಿ3ಕ್ಕೆ ಎತ್ತಿದರು. ತಕ್ಷಣ 6... ಡಿ×ಸಿ4. ಒಂಟೆ ಸಿ4ಕ್ಕೆ ಹೋಯಿತು, 7... ಬಿ5 ಅದನ್ನು ಓಡಿಸಿತು, ಒಂಟೆ ಮತ್ತೆ ಡಿ3ಕ್ಕೆ ಬಂತು. ಡಿ3ರಲ್ಲಿ ಕೂರಲು ಆ ಒಂಟೆ ಮೂರು ನಡೆ ಖರ್ಚು ಮಾಡಿತು.

ಇಲ್ಲಿ ಬಿ5 ಆಡಿದ್ದು ಕಾಲಾಳನ್ನು ಉಳಿಸಿಕೊಳ್ಳಲು ಅಲ್ಲ, ಅದನ್ನು ಬಿಳಿ ಈಗಾಗಲೇ ಮರಳಿ ಪಡೆದಿದೆ. ಒಂಟೆಯನ್ನು ಓಡಿಸುತ್ತಲೇ ಬಿ7ರ ಮನೆ ತೆರವು ಮಾಡುವುದು ಉದ್ದೇಶ. ಮೇಲಿನ ಬಲೆಯ ಬಿ5ಗೂ ಈ ಬಿ5ಗೂ ಇರುವ ಅಂತರ ಅಷ್ಟೇ, ಆದರೆ ಇಡೀ ಓಪನಿಂಗ್ ಆ ಅಂತರದಲ್ಲಿದೆ.

ಮೆರಾನ್ ಎಂಬ ಹೆಸರು ಇಟಲಿಯ ಮೆರಾನೊ ಪಟ್ಟಣದ್ದು. 1924ರಲ್ಲಿ ಅಲ್ಲಿ ನಡೆದ ಟೂರ್ನಿಯಲ್ಲಿ ಗ್ರುನ್‌ಫೆಲ್ಡ್ ವಿರುದ್ಧ ಅಕಿಬಾ ರುಬಿನ್‌ಸ್ಟೈನ್ ಕಪ್ಪಿನಲ್ಲಿ ಇದನ್ನು ಆಡಿದರು. ರುಬಿನ್‌ಸ್ಟೈನ್ ಹೆಸರನ್ನು ನೆನಪಿನಲ್ಲಿಡಿ, ಇನ್ನೊಮ್ಮೆ ಬರುತ್ತದೆ.

8... ಒಂಟೆ ಡಿ6 ಆಡುವವರು ಒಂದು ಅಪಾಯವನ್ನು ತಿಳಿದಿರಲೇಬೇಕು. ಡಿ6ರಲ್ಲಿ ಒಂಟೆ, ಎಫ್6ರಲ್ಲಿ ಕುದುರೆ ಇದ್ದಾಗ ಬಿಳಿ ಇ4, ಆಮೇಲೆ ಇ5 ತಳ್ಳಿದರೆ ಒಂದೇ ಕಾಲಾಳು ಎರಡು ಕಾಯಿಗೆ ಕೈ ಹಾಕುತ್ತದೆ. ಉದಾಹರಣೆಗೆ 11ನೇ ನಡೆಯಲ್ಲಿ ಬಿಳಿ ಎ3 ಬದಲು ಇ4 ಆಡಿದರೆ, ಎಚ್6ನಂಥ ಸುಮ್ಮನೆಯ ನಡೆ ಕಪ್ಪಿಗೆ ಒಂದು ಕಾಯಿಯನ್ನೇ ಕಳೆಯುತ್ತದೆ. ಉತ್ತರ 11... ಇ5. ಬಿಳಿ ಡಿ×ಇ5, ಕಪ್ಪು ಕುದುರೆ×ಇ5, ಕುದುರೆಗೆ ಕುದುರೆ, ಒಂಟೆ×ಇ5, ಅಪಾಯ ಕಳೆಯಿತು. 1400ರ ಆಸುಪಾಸಿನ ರೇಟಿಂಗ್ ಇರುವವರು ಈ ಓಪನಿಂಗ್‌ನಲ್ಲಿ ಸೋಲಲು ದೊಡ್ಡ ಕಾರಣ ಹುಡುಕಬೇಕಿಲ್ಲ, ಇ4ಕ್ಕೆ ಇ5 ಉತ್ತರ ಮರೆತಿರುತ್ತಾರೆ.

ಒಂದು ತಳ್ಳು, ಎರಡು ಬಾಗಿಲು

ಅರೋನಿಯನ್ 11. ಎ3 ಆಡಿದ್ದು ಕಪ್ಪಿನ ಬಿ4 ತಡೆಯಲು. ಆನಂದ್ 11... ಆನೆ ಸಿ8. ಈ ಆನೆಯ ಮುಂದೆ ತನ್ನದೇ ಸಿ6ರ ಕಾಲಾಳು ನಿಂತಿದೆ, ಬಿ7ರ ಒಂಟೆಯ ಮುಂದೆಯೂ ಅದೇ ಕಾಲಾಳು. ಆ ಕಾಲಾಳು ಒಂದು ಹೆಜ್ಜೆ ಮುಂದೆ ಸರಿದು ಡಿ4ರಲ್ಲಿ ಹೊಡೆದರೆ ಎರಡು ಬಾಗಿಲೂ ತೆರೆಯುತ್ತವೆ: ಆನೆಗೆ ಸಿ2ರ ರಾಣಿಯ ಕಡೆಗೆ ನೇರ ಸಾಲು, ಒಂಟೆಗೆ ಜಿ2ರ ಕಡೆಗೆ ಓರೆ ಸಾಲು. ಸೆಮಿ-ಸ್ಲಾವ್ ಕಪ್ಪಿನಲ್ಲಿ ಆಡುವವರ ಗುರಿ ಮನೆ ಯಾವುದು ಎಂದು ಕೇಳಿದರೆ ಸಿ5 ಎನ್ನಿ. ಅದನ್ನು ತಳ್ಳದೆ 20 ನಡೆ ಕಳೆದವರು ಬಿ7ರ ಒಂಟೆಯನ್ನು ಗೋಡೆಗೆ ಮುಖ ಮಾಡಿ ಕೂರಿಸಿದಂತೆ.

12. ಕುದುರೆ ಜಿ5. ಎಚ್7ರ ಮೇಲೆ ಈಗ ಕುದುರೆ, ಡಿ3ರ ಒಂಟೆ, ಅದರ ಬೆನ್ನಿಗೆ ರಾಣಿ, ಹೀಗೆ ಮೂರು ಕಣ್ಣು. ಕಾಯುವವರು ರಾಜ ಮತ್ತು ಎಫ್6ರ ಕುದುರೆ, ಇಬ್ಬರೇ. ಹೆಚ್ಚಿನವರು ಎಚ್6 ಅಥವಾ ಜಿ6 ಆಡಿ ಕಾಯುತ್ತಾರೆ. ಆನಂದ್ ಕಾಯಲಿಲ್ಲ, 12... ಸಿ5 ತಳ್ಳಿದರು. ಅಂಚಿನಲ್ಲಿ ದಾಳಿ ಬಂದಾಗ ನಡುವಿನಲ್ಲಿ ಉತ್ತರ ಕೊಡು ಎನ್ನುವುದು ಹಳೆಯ ಪಾಠ. ಅದನ್ನು ನಂಬಿ ರಾಜನ ಮುಂದಿನ ಕಾಲಾಳನ್ನು ಬಿಟ್ಟುಕೊಡಲು ಮಾತ್ರ ಗುಂಡಿಗೆ ಬೇಕು, ಅಥವಾ ಮನೆಯಲ್ಲಿ ಮಾಡಿದ ತಯಾರಿ ಬೇಕು. ಇಲ್ಲಿ ತಯಾರಿ ಇತ್ತು. 2012ರಲ್ಲಿ ಮಾಸ್ಕೋದಲ್ಲಿ ಗೆಲ್ಫಾಂಡ್ ವಿರುದ್ಧ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗಾಗಿ ಈ ಓಪನಿಂಗ್ ಕೆಲಸ ನಡೆದಿತ್ತು.

13. ಕುದುರೆ×ಎಚ್7. ಮರಳಿ ಕುದುರೆಯಿಂದ ಹೊಡೆದರೆ ಒಂಟೆ ಎಚ್7ಕ್ಕೆ ಬಂದು ಚೆಕ್ ಕೊಡುತ್ತದೆ. ಕಪ್ಪಿಗೆ ಒಂದು ಕಾಲಾಳು ಕಡಿಮೆ, ರಾಜನ ಮುಂದಿನ ಮನೆ ಬಯಲು. 13... ಕುದುರೆ ಜಿ4 ಬೇರೆಯೇ ಮಾತು. ಎಫ್8ರ ಆನೆ ಬಿಳಿ ಕುದುರೆಯ ಬಾಯಲ್ಲಿದ್ದರೂ ಕಪ್ಪು ಅದನ್ನು ನೋಡುವುದೇ ಇಲ್ಲ. ಬಿಳಿ ದುರಾಸೆಯಿಂದ 14. ಕುದುರೆ×ಎಫ್8 ಆಡಿದರೆ 14... ಒಂಟೆ×ಎಚ್2 ಚೆಕ್, 15. ರಾಜ ಎಚ್1 ರಾಣಿ ಎಚ್4. ಮುಂದಿನ ಬೆದರಿಕೆ: ಒಂಟೆ ಜಿ3ಕ್ಕೆ ಸರಿದು ರಾಣಿಯ ಚೆಕ್ ತೆರೆಯುತ್ತದೆ, ರಾಜ ಜಿ1, ರಾಣಿ ಎಚ್2 ಮೇಟ್. ಆದ್ದರಿಂದ 14. ಎಫ್4. ಒಂಟೆಯ ದಾರಿ ಮುಚ್ಚಿತು, ಆದರೆ ಜಿ1ರಿಂದ ಎ7ರ ಕಡೆಗೆ ಹೋಗುವ ಓರೆ ಸಾಲಿನಿಂದ ಎಫ್2ರ ಕಾವಲು ಹೋಯಿತು. ಈ ಎಫ್4ರ ಕಾಲಾಳು ಇನ್ನೊಮ್ಮೆ ಬಿಳಿಯ ಕಾಲಿಗೆ ತೊಡರುತ್ತದೆ.

14... ಸಿ×ಡಿ4 15. ಇ×ಡಿ4 ಒಂಟೆ ಸಿ5. ಒಂಟೆಯನ್ನು ಕಾಲಾಳಿನ ಎದುರಿಗೆ ಇಟ್ಟದ್ದು. ಡಿ×ಸಿ5 ಎಂದು ತಿಂದರೆ ಡಿ7ರ ಕುದುರೆ ಸಿ5ಕ್ಕೆ ಬರುತ್ತದೆ. ಆಗ ಡಿ8ರ ರಾಣಿಗೆ ಡಿ ಸಾಲು ಪೂರ್ತಿ ತೆರೆದು, ಡಿ3ರ ಒಂಟೆಯ ಮೇಲೆ ಕುದುರೆ, ರಾಣಿ ಎರಡೂ ಬೀಳುತ್ತವೆ. ಡಿ4ರಲ್ಲಿ ರಾಣಿಯ ಚೆಕ್ ಬೇರೆ ಕಾದಿದೆ. ಅರೋನಿಯನ್ ತಿನ್ನಲಿಲ್ಲ, 16. ಒಂಟೆ ಇ2 ಆಡಿ ಜಿ4ರ ಕುದುರೆಯ ಮೇಲೆ ದಾಳಿ ಮಾಡಿದರು.

16... ಕುದುರೆ ಇ5. ಈ ಹಂತದಲ್ಲಿ ನಿಂತು ಮಣೆಯನ್ನು ಪೂರ್ತಿ ನೋಡಿ. ಸಿ5ರ ಒಂಟೆ, ಇ5ರ ಕುದುರೆ, ಜಿ4ರ ಕುದುರೆ, ಎಫ್8ರ ಆನೆ: ನಾಲ್ಕನ್ನೂ ಬಿಳಿ ಹೊಡೆಯಬಹುದು. ಇ5ರ ಕುದುರೆಯನ್ನು ಎಫ್4ರ ಕಾಲಾಳಿನಿಂದ ಹೊಡೆದರೆ ಏನು? 17. ಎಫ್×ಇ5 ರಾಣಿ×ಡಿ4 ಚೆಕ್, 18. ರಾಜ ಎಚ್1 ರಾಣಿ ಜಿ1 ಚೆಕ್. ರಾಣಿಯನ್ನು ರಾಜ ಹೊಡೆಯುವಂತಿಲ್ಲ, ಸಿ5ರ ಒಂಟೆ ಅದನ್ನು ಕಾಯುತ್ತಿದೆ. 19. ಆನೆ×ಜಿ1 ಕುದುರೆ ಎಫ್2 ಮೇಟ್. ರಾಜನ ಸುತ್ತ ತನ್ನವರೇ ತುಂಬಿ ಉಸಿರುಗಟ್ಟಿಸುವ ಈ ಮೇಟ್ ಒಂದು ನಡೆ ಹಿಂದೆ ಆಗುತ್ತಿರಲಿಲ್ಲ: ಒಂಟೆ ಡಿ3ರಲ್ಲಿದ್ದಾಗ ಸಿ2ರ ರಾಣಿ ಎರಡನೇ ಅಡ್ಡಸಾಲಿನಲ್ಲಿ ಎಫ್2ರವರೆಗೆ ನೋಡುತ್ತಿತ್ತು. ಇ2ಕ್ಕೆ ಬಂದ ಒಂಟೆ ತನ್ನ ರಾಣಿಯ ಕಣ್ಣಿಗೆ ತಾನೇ ಪರದೆಯಾಯಿತು. ಕಂಪ್ಯೂಟರ್ ತೋರಿಸುವ ಅಂಕಿಗಿಂತ ಈ ಒಂದು ವಿವರ ಹೆಚ್ಚು ಕಲಿಸುತ್ತದೆ.

17. ಒಂಟೆ×ಜಿ4 ಒಂಟೆ×ಡಿ4 ಚೆಕ್ 18. ರಾಜ ಎಚ್1 ಕುದುರೆ×ಜಿ4 19. ಕುದುರೆ×ಎಫ್8. ಬಿಳಿಗೆ ಈಗ ಇಡೀ ಒಂದು ಆನೆ ಹೆಚ್ಚು. ಕಪ್ಪಿನ ಕೈ ತುರಿಸುವುದು 19... ರಾಣಿ ಎಚ್4 ಆಡಲು, ಎಚ್2ರಲ್ಲಿ ಮೇಟ್ ಕಾಣುತ್ತಿದೆಯಲ್ಲ. ಆದರೆ 20. ರಾಣಿ ಎಚ್7 ಚೆಕ್. ಆ ರಾಣಿಗೆ ಎಫ್8ರ ಕುದುರೆಯ ಕಾವಲಿದೆ. ರಾಣಿಗಳು ಬದಲಾಗಿ ಹೋಗುತ್ತವೆ, ದಾಳಿ ಅಲ್ಲಿಗೆ ಮುಗಿಯುತ್ತದೆ. ಮೊದಲು ಸಿ2ರಿಂದ ಎಚ್7ರ ಕಡೆಗಿನ ಹರಿವನ್ನು ಕಟ್ಟಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಹರಿವು ತಡೆಯಲು ತಾತ್ಕಾಲಿಕ ಗೇಟಾಗಿ ಸ್ಟಾಪ್‌ಲಾಗ್ ಇಳಿಸಿದ್ದನ್ನು ನೋಡಿದವರಿಗೆ ಆನಂದರ 19ನೇ ನಡೆ ತಟ್ಟನೆ ಅರ್ಥವಾದೀತು: 19... ಎಫ್5. ಓರೆ ಸಾಲು ಬಂದ್, ಜಿ4ರ ಕುದುರೆಗೆ ಆಸರೆ, ರಾಣಿ ಎಚ್4ರ ಬೆದರಿಕೆ ಹಾಗೇ ಉಳಿಯಿತು. ಎಫ್8ರ ಕುದುರೆಯನ್ನು ರಾಜ ಆಗಲೇ ಹೊಡೆಯಬಹುದಿತ್ತು. ಹೊಡೆದಿದ್ದರೆ ಆ ಪಾಳಿ ಬಿಳಿಗೆ ಹೋಗುತ್ತಿತ್ತು.

ಉಳಿದದ್ದು ಬೇಗ ಮುಗಿಯುತ್ತದೆ. 20. ಕುದುರೆ ಜಿ6 ಆಡಿದ್ದು ಎಚ್4ರ ಮನೆ ಕಾಯಲು. 20... ರಾಣಿ ಎಫ್6 ಆ ಕುದುರೆಯನ್ನೇ ಹಿಡಿಯಿತು. 21. ಎಚ್3 ರಾಣಿ×ಜಿ6. ಈಗ 22. ಎಚ್×ಜಿ4 ಎಂದು ಕುದುರೆ ತಿಂದರೆ ರಾಣಿ ಎಚ್6 ಮೇಟ್. ಸಿ1ರ ಒಂಟೆ ಎಚ್6ರವರೆಗೆ ನೋಡಬಹುದಿತ್ತು, ತನ್ನದೇ ಎಫ್4ರ ಕಾಲಾಳು ಅಡ್ಡ. 22... ರಾಣಿ ಎಚ್5 ಆದ ಮೇಲೆ ಎಚ್3ರಲ್ಲಿ ಮೇಟ್ ಬೆದರಿಕೆ, ಜಿ2ರ ಕಾಲಾಳು ಹೊಡೆಯುವಂತಿಲ್ಲ. ಬಿ7ರ ಒಂಟೆ ಅದನ್ನು ರಾಜನಿಗೆ ಕಟ್ಟಿಹಾಕಿದೆ. 23. ರಾಣಿ ಡಿ3 ಮೂರನೇ ಅಡ್ಡಸಾಲಿನಿಂದ ಎಚ್3 ಕಾಯಿತು. 23... ಒಂಟೆ ಇ3 ಆ ಸಾಲನ್ನು ತುಂಡರಿಸಿತು. ಒಂಟೆಯಿಂದ ಹೊಡೆದರೆ ರಾಣಿ×ಎಚ್3 ಚೆಕ್, ರಾಜ ಜಿ1, ರಾಣಿ×ಜಿ2 ಮೇಟ್. ರಾಣಿಯಿಂದ ಹೊಡೆದರೆ ಜಿ4ರ ಕುದುರೆ ರಾಣಿಯನ್ನು ತಿನ್ನುತ್ತದೆ.

1907ರಲ್ಲಿ ಪೋಲೆಂಡಿನ ಲೋಡ್ಜ್‌ನಲ್ಲಿ ರೋಟ್ಲೆವಿ ವಿರುದ್ಧ ರುಬಿನ್‌ಸ್ಟೈನ್ ಆಡಿದ ಆಟ ನೆನಪಿರುವವರಿಗೆ ಇದು ಅದರ ಮೊಮ್ಮಗುವಿನಂತೆ ಕಾಣುತ್ತದೆ: ಜೋಡಿ ಒಂಟೆಗಳು ಓರೆ ಸಾಲುಗಳಲ್ಲಿ, ಕುದುರೆ ಜಿ4ರಲ್ಲಿ, ತ್ಯಾಗದ ಮೇಲೆ ತ್ಯಾಗ.

ಟೂರ್ನಿ ಮೇಜಿನಲ್ಲಿ

ಮೊದಲ ಎಂಟು ನಡೆ ಬಾಯಿಪಾಠ ಮಾಡಿ ಹೋದರೆ ಎದುರಾಳಿ ಎರಡನೇ ನಡೆಯಲ್ಲೇ ಒಂಟೆ ಎಫ್4 ಆಡಿ ಲಂಡನ್ ಸಿಸ್ಟಮ್ ಹಿಡಿಯಬಹುದು. ಆಗ ಸಿ4ರ ಕಾಲಾಳೇ ಇಲ್ಲ, ಸಿ6-ಇ6 ಗೋಡೆಗೆ ಅವಸರವೂ ಇಲ್ಲ. ಬೇಗ ಸಿ5 ತಳ್ಳಿ ರಾಣಿಯನ್ನು ಬಿ6ಕ್ಕೆ ತನ್ನಿ. ಒಂಟೆ ಬಿಟ್ಟುಹೋದ ಬಿ2 ಅಲ್ಲಿಂದ ಕಾಣುತ್ತದೆ.

17ರಿಂದ 19ರವರೆಗಿನಂಥ ಸರಣಿ ಹೊಡೆತಗಳಲ್ಲಿ ಕೈ ಅವಸರ ಮಾಡುತ್ತದೆ. ಮುಟ್ಟಿದ ಕಾಯಿ ಆಡಲೇಬೇಕು, ಎದುರಾಳಿಯ ಕಾಯಿ ಮುಟ್ಟಿದರೆ ಸಾಧ್ಯವಿದ್ದಲ್ಲಿ ಹೊಡೆಯಲೇಬೇಕು. ಕಟ್ಟಿಹಾಕಿದ ಕಾಯಿ ಎತ್ತುವುದು ಮಕ್ಕಳು ಹೆಚ್ಚು ಮಾಡುವ ತಪ್ಪು. ಈ ಆಟದ ಕೊನೆಯಲ್ಲಿ ಎಚ್3ರ ಕಾಲಾಳಿನಿಂದ ಜಿ4ರ ಕುದುರೆಯನ್ನು ಹೊಡೆಯಲು ಯಾರಿಗಾದರೂ ಮನಸ್ಸಾಗುತ್ತದೆ, ಆದರೆ ಎಚ್5ರ ರಾಣಿ ರಾಜನನ್ನು ನೋಡುತ್ತಿರುವುದರಿಂದ ಅದು ನಿಯಮಬಾಹಿರ. ಸ್ಟ್ಯಾಂಡರ್ಡ್ (ದೀರ್ಘ ಸಮಯದ) ಆಟದಲ್ಲಿ ಮೊದಲ ನಿಯಮಬಾಹಿರ ನಡೆಗೆ ಎದುರಾಳಿಯ ಗಡಿಯಾರಕ್ಕೆ 2 ನಿಮಿಷ ಸೇರುತ್ತದೆ, ಎರಡನೆಯದಕ್ಕೆ ಆಟವೇ ಹೋಗುತ್ತದೆ. ಸ್ಕೋರ್‌ಶೀಟ್‌ನಲ್ಲಿ ನಡೆಯನ್ನು ಆಡಿದ ಮೇಲೆ ಬರೆಯಬೇಕು. ಮೊದಲೇ ಬರೆದಿಟ್ಟು ಯೋಚಿಸುವಂತಿಲ್ಲ.

ಮನೆಗೆ ಬಂದ ಮೇಲೆ ಮೊಬೈಲ್‌ನ ಚೆಸ್ ಎಂಜಿನ್ (ನಡೆ ಲೆಕ್ಕ ಹಾಕುವ ತಂತ್ರಾಂಶ) ಹಚ್ಚುವ ಮುಂಚೆ ಆ ಶೀಟ್ ತೆಗೆದು ಒಂದೊಂದು ಕಾಯಿ ಎಷ್ಟು ಸಲ ಸರಿಯಿತು ಎಂದು ಎಣಿಸಿ. ಹತ್ತು ನಿಮಿಷದ ಕೆಲಸ. ಅಭ್ಯಾಸಕ್ಕೆ ಮೇಲಿನ ಆಟದಲ್ಲಿ ಬಿಳಿಯ ಲೆಕ್ಕ ಹಾಕಿ. ಜಿ1ರಿಂದ ಹೊರಟ ಕುದುರೆ: ಎಫ್3, ಜಿ5, ಎಚ್7, ಎಫ್8, ಜಿ6, ಐದು ನಡೆ, ಕೊನೆಗೆ ಬಲಿ. ಎಫ್1ರಿಂದ ಹೊರಟ ಒಂಟೆ: ಡಿ3, ಸಿ4, ಡಿ3, ಇ2, ಜಿ4, ಐದು ನಡೆ, ಅದೂ ಬಲಿ. 23ರಲ್ಲಿ 10 ನಡೆ ಈ ಎರಡಕ್ಕೇ ಹೋಯಿತು. ಸಿ1ರ ಒಂಟೆ, ಸೊನ್ನೆ. ಎ1ರ ಆನೆ, ಸೊನ್ನೆ. ಲೆಕ್ಕದಲ್ಲಿ ಹೆಚ್ಚಿದ್ದ ಆ ಆನೆಯ ತೂಬಿಗೆ ನೀರು ಬರಲೇ ಇಲ್ಲ.